ಪಂಜರದಿಂದ ಬಂದ ಕೋಳಿಗೆ

ಮೊಟ್ಟೆ ಫಾರಂನ ಪಂಜರದಿಂದ ಬಿಡಿಸಿ ತಂದ ಕೋಳಿಯ ಮೂಳೆ ತೀರಾ ದುರ್ಬಲ. ಕೂರುವ ಕೋಲನ್ನು ನೆಲದಿಂದ ಒಂದಡಿಗಿಂತ ಮೇಲೆ ಕಟ್ಟಬೇಡಿ, ಧುಮುಕುವಾಗ ಕಾಲು ಮುರಿದೀತು.

ಖರ್ಚು ಉಳಿಸಲು ಮೇವು ಕಡಿತ ಮಾಡುವುದು ಸರಿಯಲ್ಲ. ಕೋಳಿಯೊಂದಕ್ಕೆ ದಿನಕ್ಕೆ ಸುಮಾರು 120 ಗ್ರಾಂ ಲೇಯರ್ ಮ್ಯಾಶ್ (ಮೊಟ್ಟೆಕೋಳಿಗೆಂದೇ ಮಾಡಿದ ಪುಡಿ ಮೇವು) ಬೇಕೇ ಬೇಕು. ಸೊಪ್ಪು, ಸಿಪ್ಪೆ ಅದರ ಹತ್ತನೇ ಒಂದು ಪಾಲು ಮೀರಿದರೆ ಪ್ರೋಟೀನ್ ಸಾಲದೆ ಉದುರಿದ ಪುಕ್ಕ ಬೇಗ ಬರುವುದಿಲ್ಲ. ಉಳಿತಾಯಕ್ಕೆ ಬೇರೆ ದಾರಿಗಳಿವೆ. ಮೊಟ್ಟೆ ಚಿಪ್ಪನ್ನು ತೊಳೆದು, ಗರಿಗರಿಯಾಗಿ ಹುರಿದು, ಪುಡಿಮಾಡಿ ಬೇರೆ ಬಟ್ಟಲಲ್ಲಿಡಿ. ಮೇವಿಗೆ ಬೆರೆಸಬೇಡಿ, ಸುಣ್ಣ ಎಷ್ಟು ಬೇಕೆಂದು ಕೋಳಿಗೇ ಗೊತ್ತು. ಧೂಳುಸ್ನಾನಕ್ಕೆ ಒಣ ಮಣ್ಣು, ಪೂರ್ತಿ ಆರಿದ ಕಟ್ಟಿಗೆ ಬೂದಿ ತುಂಬಿದ ಹಳೇ ಟಬ್ ಸಾಕು. ಹುಟ್ಟಿದಾಗಿನಿಂದ ಮಣ್ಣನ್ನೇ ಕಾಣದ ಕೋಳಿಯೂ ಯಾರೂ ಕಲಿಸದೆ ಅದರಲ್ಲಿ ಹೊರಳುತ್ತದೆ. ಪಂಜರ ಅದರಿಂದ ಏನೇನು ಕಿತ್ತುಕೊಂಡಿತ್ತು ಅನ್ನುವುದು ಆಗ ಮನಸ್ಸಿಗೆ ತಟ್ಟುತ್ತದೆ.

ಕೆಂಪು ನುಸಿಯ ಮೇಲೆ ಕಣ್ಣಿರಲಿ. ಹಗಲೆಲ್ಲ ಕೋಲಿನ ತುದಿಯಲ್ಲಿ, ಮರದ ಸಂದಿಯಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುತ್ತದೆ. ಕತ್ತಲಾದ ಮೇಲೆ ಕೋಲಿನ ಅಡಿಭಾಗವನ್ನು ಬಿಳಿ ಕಾಗದದಿಂದ ಒರೆಸಿ. ಕೆಂಪು ಗೆರೆ ಮೂಡಿದರೆ, ಮರುದಿನ ಕೋಳಿಗಳನ್ನು ಹೊರಗೆ ಬಿಟ್ಟು ಸಂದಿಗಳಿಗೆಲ್ಲ ಕುದಿಯುವ ನೀರು ಹೊಯ್ಯಿರಿ. ಉಳಿದ ನುಸಿಮೊಟ್ಟೆಗಳು ಒಡೆದು ಹೊಸ ನುಸಿ ಬರುತ್ತದೆ, ಹಾಗಾಗಿ ಐದಾರು ದಿನ ಬಿಟ್ಟು ಮತ್ತೊಮ್ಮೆ ಹೊಯ್ಯಲೇಬೇಕು.