ಬೋರ್ಡಿನಲ್ಲಿ 23, ಸಾಲಿನಲ್ಲಿ 25

ಬಾಗೇಪಲ್ಲಿ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಎಚ್‌ಎಂ. ಒಂದರಿಂದ ಐದು, ಇಬ್ಬರು ಟೀಚರ್, ದಾಖಲಾತಿ 23. ಊರಿಗೆ ಖಾಸಗಿ ಶಾಲೆ ವ್ಯಾನ್ ಬರೋಕೆ ಶುರುವಾದ ಮೇಲೆ ಪ್ರತಿ ಜೂನ್‌ನಲ್ಲೂ ಮನೆಮನೆಗೆ ಹೋಗಿ ಮಕ್ಕಳನ್ನು ಕಳಿಸಿ ಅಂತ ಕೇಳಿಕೊಳ್ಳುತ್ತೇವೆ. ಅಂಥ ಶಾಲೆಯಲ್ಲಿ ಇಬ್ಬರು ಮಕ್ಕಳನ್ನು ನಾನೇ ಬಚ್ಚಿಟ್ಟೆ.

ಆಗಸ್ಟ್‌ನಲ್ಲಿ ಯಾದಗಿರಿ ಕಡೆಯಿಂದ ಕ್ರಷರ್ ಕೆಲಸಕ್ಕೆ ಬಂದವರು ಅಕ್ಕ-ತಮ್ಮನನ್ನು ತಂದು ಬಿಟ್ಟರು. ಅವಳು ನಾಲ್ಕನೇ ತರಗತಿ, ಅವನು ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುವ ನಲಿಕಲಿ. ಟಿಸಿ ಇಲ್ಲ. ಮಕ್ಕಳ ದಾಖಲಾತಿಯ ಸರ್ಕಾರಿ ತಂತ್ರಾಂಶ ಸ್ಯಾಟ್ಸ್‌ನಲ್ಲಿ ರಿಕ್ವೆಸ್ಟ್ ಹಾಕಿದೆ, ಹಳೇ ಶಾಲೆಯವರು ರಿಲೀವ್ ಮಾಡಲಿಲ್ಲ. ಫೋನೂ ಎತ್ತಲಿಲ್ಲ. "ಟಿಸಿ ಬರೋವರೆಗೂ ಸುಮ್ನೆ ಕೂತಿರಲಿ" ಅಂದೆ. ಹೆಸರು ಎಲ್ಲೂ ಬರೆಯಲಿಲ್ಲ.

ಒಂದು ದಿನ ಊಟದ ಹೊತ್ತಿಗೆ ಗೇಟಿನ ಹತ್ತಿರ ಬೈಕ್ ನಿಂತಿತು. ತಾಲ್ಲೂಕಿನಿಂದ ಬಿಸಿಯೂಟದ ತಪಾಸಣೆ. ಬೋರ್ಡಿನಲ್ಲಿ ಹಾಜರಿ 23 ಅಂತ ನಾನೇ ಬರೆದಿದ್ದೆ. ತಟ್ಟೆ ಹಿಡಿದು ನಿಂತವರು 25. ನನಗೆ ಹೊಳೆದದ್ದು ಅಕ್ಕಿ ಲೆಕ್ಕ, ನೋಟಿಸು, ಅಷ್ಟೇ. ಇಬ್ಬರನ್ನೂ ಅಡುಗೆಕೋಣೆಗೆ ಕರೆದುಕೊಂಡು ಹೋಗಿ, "ಇಲ್ಲೇ ಕೂತ್ಕೊಳ್ಳಿ, ಮಾತಾಡಬೇಡಿ" ಅಂದೆ. ಅಡುಗೆ ಅಕ್ಕ ನನ್ನ ಮುಖ ಒಮ್ಮೆ ನೋಡಿ ಬಾಗಿಲು ಮುಂದೆ ಮಾಡಿದರು.

ಬಂದವರು ಸಾರು ರುಚಿ ನೋಡಿದರು. ತಲೆ ಎಣಿಸಿದರು. ದಾಖಲಾತಿ ಪುಸ್ತಕದ ಒಂದೊಂದೇ ಹಾಳೆ ತಿರುವಿದರು. ನಮ್ಮ ಕಡೆ ಮನೆಯಲ್ಲಿ ತೆಲುಗು ಜಾಸ್ತಿ, ಆದರೂ ಎಷ್ಟೋ ಕಡೆ ಮಾತೃಭಾಷೆ ಕಾಲಂನಲ್ಲಿ ಎಲ್ಲರಿಗೂ ಕನ್ನಡ ಅಂತಲೇ ತುಂಬಿಬಿಡುತ್ತಾರೆ. ನಾನು ಕೇಳಿ ಬರೆದಿದ್ದೆ: ತೆಲುಗು 17, ಕನ್ನಡ 4, ಉರ್ದು 2. "ನಿಮ್ಮ ದಾಖಲೆ ಚೊಕ್ಕವಾಗಿದೆ ಮೇಡಂ" ಅಂದರು. ಗೋಡೆಯ ಆಚೆ ಆ ಸಣ್ಣವನು ಕೆಮ್ಮಿದ. ನನ್ನ ಕೈ ತಣ್ಣಗಾಯಿತು. ಇಪ್ಪತ್ತು ನಿಮಿಷ ಆ ಮಕ್ಕಳು ಊಟವಿಲ್ಲದೆ ಒಲೆ ಪಕ್ಕ ಕೂತಿದ್ದರು.

ಎರಡು ದಿನ ಬಿಟ್ಟು ಗ್ಯಾಸ್ ಸಿಲಿಂಡರಿನ ಆಟೋ ಬಂತು. ಹುಡುಗಿ ತಟ್ಟೆ ಕೆಳಗಿಟ್ಟು ತಮ್ಮನ ಕೈ ಹಿಡಿದು ಎದ್ದಳು. "ಒಳಗ ಹೋಗ್ಲೇನ್ರಿ ಟೀಚರ್?"

ಟಿಸಿ ತಡವಾಯಿತು ಅಂತ ದಾಖಲಾತಿ ತಡ ಮಾಡುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ 5ನೇ ಸೆಕ್ಷನ್ನಿನಲ್ಲೇ ಇದೆ. ವಯಸ್ಸಿನ ದಾಖಲೆ ಇಲ್ಲ ಅಂತಲೂ ವಾಪಸ್ ಕಳಿಸುವಂತಿಲ್ಲ, ಅದು 14ನೇ ಸೆಕ್ಷನ್. ತರಬೇತಿಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಸ್ಯಾಟ್ಸ್ ಒಪ್ಪದಿದ್ದರೇನು, ಪುಸ್ತಕ, ಪೆನ್ನು ಎರಡೂ ನನ್ನ ಮೇಜಿನ ಮೇಲೇ ಇದ್ದವು. ಬೇರೆ ಜಿಲ್ಲೆಯಿಂದ ಯಾರೋ ಬಟನ್ ಒತ್ತುವವರೆಗೂ ಮಗು ಇಲ್ಲಿದೆ ಅಂತ ಆ ತಂತ್ರಾಂಶಕ್ಕೆ ಗೊತ್ತಾಗುವುದಿಲ್ಲ. ನನಗೆ ಗೊತ್ತಿತ್ತಲ್ಲ?

ಅವತ್ತೇ ಹೆಸರು ಬರೆದೆ. ಹಾಜರಾತಿಗೂ ಸೇರಿಸಿದೆ. ನಮ್ಮ ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. "ಬರ್ಕೊಂಡ್ರಲ್ಲ ಮೇಡಂ, ತಾಲ್ಲೂಕಿನ ಬಿಆರ್‌ಸಿ ಆಫೀಸಲ್ಲಿ ನಾನು ಮಾತಾಡ್ತೀನಿ" ಅಂದರು. ಇಷ್ಟಕ್ಕೇ ಅಷ್ಟು ಹೆದರಿದ್ದೆ. ಸ್ಯಾಟ್ಸ್‌ನಲ್ಲಿ ರಿಲೀವ್ ಆಗಿದ್ದು ದಸರಾ ರಜೆ ಮುಗಿದ ಮೇಲೆ.

ಸಂಕ್ರಾಂತಿವರೆಗೂ, ಗೇಟಿನಲ್ಲಿ ಗಾಡಿ ಸದ್ದಾದರೆ ಆ ಹುಡುಗಿ ಮೊದಲು ನನ್ನ ಮುಖ ನೋಡುತ್ತಿದ್ದಳು.