ಫುಕುವೊಕಾದ ಬಿಸಿನೆಸ್ ಹೋಟೆಲ್: ಹೆಸರಿಗಿಂತ ಮೊದಲು ನೋಡಬೇಕಾದದ್ದು

ಜಪಾನಿನ ಫುಕುವೊಕಾ ನಗರಕ್ಕೆ ಕೆಲಸದ ಮೇಲೆ ಹೊರಟ ಪರಿಚಿತರು ಎಲ್ಲಿ ಉಳಿದುಕೊಳ್ಳುವುದು ಒಳ್ಳೆಯದು ಎಂದು ಕೇಳಿದಾಗ ನಾನು ಹೋಟೆಲಿನ ಹೆಸರನ್ನು ಕೊನೆಗೆ ಹೇಳುತ್ತೇನೆ. ಕೋಣೆ ಎಷ್ಟು ಚದರ ಮೀಟರ್, ಮಂಚ ಎಷ್ಟು ಸೆಂಟಿಮೀಟರ್ ಅಗಲ, ಎ.ಸಿ. ಯಾವ ಬಗೆಯದು, ಸ್ನಾನದ ವ್ಯವಸ್ಥೆ ಹೇಗಿದೆ ಎಂಬುದನ್ನು ಮೊದಲು ನೋಡಿಕೊಳ್ಳಿ ಎನ್ನುತ್ತೇನೆ. ಕೆಲಸದ ಮೇಲೆ ಬರುವವರಿಗಾಗಿ ಸಣ್ಣ ಕೋಣೆಗಳಿಟ್ಟು ನಡೆಸುವ ಜಪಾನಿನ ಬಿಸಿನೆಸ್ ಹೋಟೆಲುಗಳಲ್ಲಿ ಶುಚಿತ್ವದ ಬಗ್ಗೆಯಾಗಲಿ ಸಿಬ್ಬಂದಿಯ ಸೌಜನ್ಯದ ಬಗ್ಗೆಯಾಗಲಿ ಚಿಂತಿಸಬೇಕಾದ ಪ್ರಸಂಗ ಅಪರೂಪ. ಆದ್ದರಿಂದ ಒಂದು ಹೋಟೆಲಿಗೂ ಇನ್ನೊಂದಕ್ಕೂ ಇರುವ ನಿಜವಾದ ವ್ಯತ್ಯಾಸ ಈ ಸಣ್ಣ ಸಣ್ಣ ಅಳತೆಗಳಲ್ಲೇ ಅಡಗಿರುತ್ತದೆ. ಬಹುಪಾಲು ಹೋಟೆಲುಗಳು ಅವನ್ನು ತಮ್ಮ ಜಾಲತಾಣದಲ್ಲಿ ಪ್ರತಿ ಕೋಣೆಯ ವಿವರದ ಕೆಳಗೆ ಪ್ರಾಮಾಣಿಕವಾಗಿ ಬರೆದಿರುತ್ತವೆ. ಫೋಟೋಗಳನ್ನು ನೋಡಿ ತೀರ್ಮಾನಿಸುವವರು ಈ ಸಾಲುಗಳನ್ನು ಓದದೆ ಮುಂದೆ ಹೋಗುತ್ತಾರೆ ಎಂಬುದೇ ನನ್ನ ಬೇಸರ.

ಒಬ್ಬರ ಕೋಣೆ ಸಾಮಾನ್ಯವಾಗಿ 11ರಿಂದ 15 ಚದರ ಮೀಟರ್ ಇರುತ್ತದೆ, ಸ್ನಾನದ ಕೋಣೆಯೂ ಅದರಲ್ಲೇ ಸೇರಿರುತ್ತದೆ. 11 ಚದರ ಮೀಟರಿನ ಕೋಣೆಯಲ್ಲಿ ಮಂಚ, ಗೋಡೆಗೆ ಅಂಟಿಕೊಂಡ ಮೇಜು, ಒಂದು ಕುರ್ಚಿ ಇಟ್ಟ ಮೇಲೆ ಉಳಿಯುವುದು ಒಬ್ಬರು ನಡೆದಾಡುವಷ್ಟು ಜಾಗ. ದೊಡ್ಡ ಸೂಟ್‌ಕೇಸನ್ನು ನೆಲದ ಮೇಲೆ ಪೂರ್ತಿ ಬಿಚ್ಚಿಟ್ಟರೆ ಬಾಗಿಲಿಗೆ ಹೋಗುವ ದಾರಿ ಮುಚ್ಚಿಹೋಗುತ್ತದೆ. ಈ ತೊಂದರೆ ಗೊತ್ತಿರುವ ಹೋಟೆಲುಗಳು ಮಂಚವನ್ನು ಎತ್ತರಿಸಿ, ಅದರ ಅಡಿಯಲ್ಲಿ ಪೆಟ್ಟಿಗೆ ತಳ್ಳುವಷ್ಟು ಜಾಗ ಬಿಟ್ಟಿರುತ್ತವೆ. ಒಂದೆರಡು ರಾತ್ರಿಗೆ, ಕೈಚೀಲದೊಂದಿಗೆ ಬಂದವರಿಗೆ 12 ಚದರ ಮೀಟರ್ ಸಾಕು. ಮೂರು ರಾತ್ರಿಗಿಂತ ಹೆಚ್ಚು ಉಳಿಯುವವರು, ಕೋಣೆಯಲ್ಲೇ ಕುಳಿತು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರು 15ಕ್ಕಿಂತ ಕಡಿಮೆಯದನ್ನು ಆರಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಂಚದ ವಿಷಯದಲ್ಲಿ ಇಬ್ಬರಾಗಿ ಹೋಗುವವರು ವಿಶೇಷ ಎಚ್ಚರ ವಹಿಸಬೇಕು. ಸೆಮಿ ಡಬಲ್ ಎಂಬ ಹೆಸರಿನಲ್ಲಿ ಇಬ್ಬರಿಗೆ ಕೊಡುವ ಕೋಣೆಯ ಮಂಚ ಬಹಳ ಕಡೆ 120 ಸೆಂಟಿಮೀಟರ್ ಆಸುಪಾಸಿನದು. ಅದರಲ್ಲಿ ಇಬ್ಬರು ವಯಸ್ಕರು ನೆಮ್ಮದಿಯಾಗಿ ಮಲಗಲಾರರು. ಡಬಲ್ ಎಂದಾಗಲೂ 140 ಸೆಂಟಿಮೀಟರ್ ಇರಬಹುದು. ಇಬ್ಬರಿದ್ದರೆ ಎರಡು ಪ್ರತ್ಯೇಕ ಮಂಚಗಳಿರುವ ಟ್ವಿನ್ ಕೋಣೆಯನ್ನು, ಅದು ಸ್ವಲ್ಪ ದುಬಾರಿಯಾದರೂ, ತೆಗೆದುಕೊಳ್ಳುವುದು ಲೇಸು. ಇನ್ನೊಂದು ಮಾತು: ಅಲ್ಲಿ ದರ ಅನೇಕ ಕಡೆ ಕೋಣೆಯೊಂದನ್ನೇ ಅವಲಂಬಿಸಿರದೆ ಉಳಿಯುವವರ ಸಂಖ್ಯೆಯನ್ನೂ ಅವಲಂಬಿಸಿರುತ್ತದೆ. ಒಬ್ಬರ ಹೆಸರಿನಲ್ಲಿ ಕಾಯ್ದಿರಿಸಿ ಇಬ್ಬರು ಹೋಗಿ ನಿಲ್ಲುವುದು ಸರಿಯಲ್ಲ; ಸಂಖ್ಯೆಯನ್ನು ಮೊದಲೇ ನಿಜವಾಗಿ ತಿಳಿಸಬೇಕು.

ಸ್ನಾನದ ಕೋಣೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕೆನಿಸುತ್ತದೆ, ಏಕೆಂದರೆ ಮೊದಲ ಸಲ ಹೋದವರು ತಬ್ಬಿಬ್ಬಾಗುವುದು ಇಲ್ಲೇ. ಹಳೆಯ ಬಿಸಿನೆಸ್ ಹೋಟೆಲುಗಳಲ್ಲಿ ಸ್ನಾನದ ತೊಟ್ಟಿ, ಕಮೋಡ್, ಮುಖ ತೊಳೆಯುವ ಬೇಸಿನ್ ಮೂರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವ ಪುಟ್ಟ ಕೋಣೆಯೊಳಗೆ ಇರುತ್ತವೆ. ಇದನ್ನು ಯುನಿಟ್ ಬಾತ್ ಎನ್ನುತ್ತಾರೆ. 1964ರ ಟೋಕಿಯೊ ಒಲಿಂಪಿಕ್ಸಿಗೆ ಮುನ್ನ ಹೋಟೆಲ್ ನ್ಯೂ ಒತಾನಿಯನ್ನು ತರಾತುರಿಯಲ್ಲಿ ಕಟ್ಟಬೇಕಾಗಿ ಬಂದಾಗ, ಈಗ ಟೋಟೋ ಎಂದು ಹೆಸರಾದ ಕಂಪನಿ ಸ್ನಾನದ ಕೋಣೆಗಳ ಭಾಗಗಳನ್ನು ಕಾರ್ಖಾನೆಯಲ್ಲೇ ಸಿದ್ಧಪಡಿಸಿ, ಸಾವಿರಕ್ಕೂ ಹೆಚ್ಚು ಕೋಣೆಗಳಿಗೆ ತಂದು ಜೋಡಿಸಿತು. ಆ ಪದ್ಧತಿ ಆಮೇಲೆ ದೇಶದ ತುಂಬ ಹರಡಿತು. ಇಂಥ ಕೋಣೆಯಲ್ಲಿ ಬಹಳ ಸಲ ಬೇಸಿನ್ನಿಗೂ ತೊಟ್ಟಿಗೂ ಒಂದೇ ನಲ್ಲಿ. ಅದರ ಉದ್ದನೆಯ ಮೂತಿಯನ್ನು ಬೇಕಾದ ಕಡೆಗೆ ತಿರುಗಿಸಿಕೊಳ್ಳಬೇಕು, ನೀರು ಶವರಿಗೆ ಹೋಗಬೇಕಾದರೆ ಪಕ್ಕದ ಗುಬುಟನ್ನು ಹೊರಳಿಸಬೇಕು. ಶವರಿನ ಪರದೆಯ ಅಂಚನ್ನು ತೊಟ್ಟಿಯ ಒಳಗೆ ಇಳಿಬಿಟ್ಟು ಸ್ನಾನ ಮಾಡದಿದ್ದರೆ ಕಮೋಡಿನ ಸುತ್ತಲೂ ನೀರು ನಿಲ್ಲುತ್ತದೆ. ನೀರು ಧಾರಾಳವಾಗಿ ಬಿಸಿಯಾಗಿ ಬರುತ್ತದೆ, ಆ ವಿಷಯದಲ್ಲಿ ಕೊರತೆಯಿಲ್ಲ. ಆದರೆ ಎತ್ತರದ ಆಳುಗಳಿಗೆ ಅದು ಇಕ್ಕಟ್ಟು. ಹೊಸ ಹೋಟೆಲುಗಳು ಶೌಚಾಲಯವನ್ನು ಸ್ನಾನದ ಕೋಣೆಯಿಂದ ಬೇರೆ ಮಾಡಿ ಕಟ್ಟುತ್ತಿವೆ, ಅದನ್ನು ವಿವರದಲ್ಲಿ ಹೆಮ್ಮೆಯಿಂದ ನಮೂದಿಸಿಯೂ ಇರುತ್ತವೆ.

ಕೋಣೆಯ ಸ್ನಾನ ಇಕ್ಕಟ್ಟೆನಿಸುವವರಿಗೆ ಸಾಮೂಹಿಕ ಸ್ನಾನಗೃಹವಿರುವ ಹೋಟೆಲು ವರದಾನ. ಡಾರ್ಮಿ ಇನ್ ಸರಣಿಯ ಹೋಟೆಲುಗಳು ಇದಕ್ಕೇ ಹೆಸರಾಗಿವೆ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸ್ನಾನಗೃಹಗಳಿರುತ್ತವೆ. ಬಿಸಿನೀರಿನ ಕೊಳದ ಹೊರಗೆ ಕುಳಿತು ಮೈ ತೊಳೆದುಕೊಂಡ ನಂತರವೇ ಅದಕ್ಕೆ ಇಳಿಯಬೇಕು. ದಿನವಿಡೀ ಸಭೆಗಳಲ್ಲಿ ಕುಳಿತು ಬಂದ ಮೈಗೆ ಅಲ್ಲಿ ಸಿಗುವ ಹಿತ ಬೇರೆಲ್ಲೂ ಸಿಗದು ಎಂದು ನಾನು ಮನಃಪೂರ್ವಕವಾಗಿ ಹೇಳಬಲ್ಲೆ. ಮೈಮೇಲೆ ಹಚ್ಚೆ ಇರುವವರನ್ನು ಕೆಲವು ಕಡೆ ಒಳಗೆ ಬಿಡುವುದಿಲ್ಲವಾದ್ದರಿಂದ ಅಂಥವರು ಮೊದಲೇ ನಿಯಮ ಓದಿಕೊಳ್ಳುವುದು ಒಳಿತು.

ಎ.ಸಿ.ಯ ಬಗೆ ಯಾರೂ ವಿಚಾರಿಸದ, ಆದರೆ ನಿದ್ದೆಯನ್ನು ನಿರ್ಧರಿಸುವ ಸಂಗತಿ. ಹಳೆಯ ಕಟ್ಟಡಗಳಲ್ಲಿ ಇಡೀ ಹೋಟೆಲಿಗೆ ಒಂದೇ ಯಂತ್ರ; ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ, ಯಾವಾಗ ಬದಲಿಸಬೇಕೆಂಬುದು ಆಡಳಿತದವರ ನಿರ್ಧಾರ. ಏಪ್ರಿಲ್ ಕೊನೆಯಲ್ಲೋ ನವೆಂಬರಿನಲ್ಲೋ ಹೊರಗೆ ಇದ್ದಕ್ಕಿದ್ದಂತೆ ಸೆಕೆಯಾದರೂ ಗೋಡೆಯ ಗುಂಡಿ ಒತ್ತಿದರೆ ತಂಪು ಗಾಳಿ ಬಾರದು. ಕಿಟಕಿಯೋ ಕೆಲವೇ ಬೆರಳಗಲ ತೆರೆಯುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ಪ್ರತಿ ಕೋಣೆಗೂ ಪ್ರತ್ಯೇಕ ಯಂತ್ರವಿದ್ದರೆ ಜಪಾನಿ ವಿವರದಲ್ಲಿ ‘ಕೊಬೆತ್ಸು ಕೂಚೋ’ ಎಂದಿರುತ್ತದೆ; ಅನುವಾದದ ಆ್ಯಪ್ ಅದನ್ನು ಸರಿಯಾಗಿಯೇ ತಿಳಿಸುತ್ತದೆ. ಋತು ಬದಲಾಗುವ ತಿಂಗಳುಗಳಲ್ಲಿ ಹೋಗುವವರು ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬಾರದು.

ಧೂಮಪಾನದ ವಿಷಯವೂ ಹಾಗೆಯೇ. 2020ರ ಏಪ್ರಿಲಿನಿಂದ ಪೂರ್ಣವಾಗಿ ಜಾರಿಯಾದ ಕಾನೂನು ಸಾರ್ವಜನಿಕ ಒಳಾಂಗಣಗಳಲ್ಲಿ ಸಿಗರೇಟನ್ನು ನಿರ್ಬಂಧಿಸಿದರೂ ಹೋಟೆಲಿನ ಕೋಣೆಗಳನ್ನು ಅದರಿಂದ ಹೊರಗಿಟ್ಟಿದೆ. ಅಗ್ಗದ ದರಕ್ಕೆ ಸಿಗುವ ಕೊನೆಯ ಕೋಣೆ ಬಹುಮಟ್ಟಿಗೆ ಧೂಮಪಾನದ ಕೋಣೆಯೇ ಆಗಿರುತ್ತದೆ. ವಾಸನೆ ತೆಗೆಯುವ ದ್ರಾವಣ ಸಿಂಪಡಿಸಿ ಕೊಡುತ್ತೇವೆ ಎಂದು ಹೋಟೆಲಿನವರು ಹೇಳಬಹುದು. ಪರದೆಯಲ್ಲೂ ನೆಲಹಾಸಿನಲ್ಲೂ ಸೇರಿಕೊಂಡ ಹೊಗೆ ಅಷ್ಟಕ್ಕೆ ಹೋಗುವುದಿಲ್ಲ.

ಇನ್ನು ಸ್ಥಳ. ಫುಕುವೊಕಾದಷ್ಟು ಅನುಕೂಲದ ವಿಮಾನ ನಿಲ್ದಾಣ ಜಪಾನಿನ ಬೇರೆ ದೊಡ್ಡ ನಗರಗಳಿಗಿಲ್ಲ: ದೇಶೀಯ ಟರ್ಮಿನಲ್ಲಿನ ಕೆಳಗೇ ಸುರಂಗ ರೈಲಿನ ನಿಲ್ದಾಣವಿದೆ, ಅಲ್ಲಿಂದ ಎರಡನೆಯ ನಿಲ್ದಾಣವೇ ನಗರದ ಮುಖ್ಯ ರೈಲು ನಿಲ್ದಾಣವಾದ ಹಕಾತಾ, ಪ್ರಯಾಣ ಐದಾರು ನಿಮಿಷ. ವಿದೇಶದಿಂದ ಇಳಿದವರು ಅಂತರರಾಷ್ಟ್ರೀಯ ಟರ್ಮಿನಲ್ಲಿನಿಂದ ಉಚಿತ ಬಸ್ಸಿನಲ್ಲಿ ಅಲ್ಲಿಗೆ ಬರಬೇಕು. ಶಿಂಕಾನ್‌ಸೆನ್ ಬುಲೆಟ್ ರೈಲು ಹಿಡಿದು ಬೇರೆ ಊರಿಗೂ ಹೋಗಬೇಕಾದವರಿಗೆ ಹಕಾತಾ ನಿಲ್ದಾಣದ ಹಿಂಬದಿಯ ಚಿಕುಶಿ ದ್ವಾರದ ಕಡೆಯ ಹೋಟೆಲುಗಳು ಹಿತ. ಆ ಬದಿ ಮುಂಬದಿಯ ಹಕಾತಾ ದ್ವಾರದಷ್ಟು ಗಜಿಬಿಜಿಯದಲ್ಲ. ಒಂದು ನಿಲ್ದಾಣ ಮುಂದಿರುವ ಗಿಯೋನ್ ನನಗೆ ಅತ್ಯಂತ ಇಷ್ಟವಾದ ಜಾಗ: ಹಳೆಯ ದೇಗುಲಗಳ ನಡುವಿನ ಬೀದಿಗಳು, ಕುಶಿದಾ ದೇಗುಲ ನಡೆದು ಹೋಗುವಷ್ಟು ಹತ್ತಿರ, ರಾತ್ರಿ ನಿಶ್ಶಬ್ದ. ನದಿಯ ಎರಡು ಕವಲುಗಳ ನಡುವಿನ ನಕಾಸು ದ್ವೀಪ ರಾತ್ರಿಯಿಡೀ ಎಚ್ಚರವಿರುವ ಮೋಜಿನ ಕೇರಿಯಾದ್ದರಿಂದ, ಬೇಗ ಮಲಗುವವರಿಗೆ ಅಲ್ಲಿನ ಹೋಟೆಲುಗಳನ್ನು ನಾನು ಸೂಚಿಸುವುದಿಲ್ಲ. ಅಂಗಡಿಗಳಿಗಾಗಿ ಬಂದವರಿಗೆ ತೆಂಜಿನ್ ಸೂಕ್ತ.

ನಿಲ್ದಾಣದಿಂದ ‘ನಡಿಗೆಯಲ್ಲಿ 5 ನಿಮಿಷ’ ಎಂದಿದ್ದರೆ ಅದನ್ನು ಸುಮಾರು 400 ಮೀಟರ್ ಎಂದು ತಿಳಿದುಕೊಳ್ಳಬಹುದು, ಜಪಾನಿನ ಮನೆ ಜಾಹೀರಾತುಗಳಲ್ಲಿ ನಿಮಿಷಕ್ಕೆ 80 ಮೀಟರ್ ಎಂಬ ಲೆಕ್ಕವೇ ನಿಯಮ. ಸಿಗ್ನಲಿನಲ್ಲಿ ನಿಲ್ಲುವ ಹೊತ್ತು ಅದರಲ್ಲಿ ಸೇರಿಲ್ಲ, ಪೆಟ್ಟಿಗೆ ಎಳೆಯುವವರ ವೇಗವೂ ಅದಲ್ಲ.

ದರ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಶನಿವಾರ ರಾತ್ರಿ, ನಗರದ ಡೋಮ್ ಕ್ರೀಡಾಂಗಣದಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮವಿರುವ ದಿನ, ಮೇ 3 ಮತ್ತು 4ರ ಹಕಾತಾ ದೊಂತಾಕು ಹಬ್ಬ, ಜುಲೈ 15ರ ಬೆಳಗಿನ ಜಾವಕ್ಕೆ ಮುಗಿಯುವ ಯಮಾಕಾಸಾ ಉತ್ಸವ ಇವುಗಳ ಸುತ್ತಮುತ್ತ ಸಾಮಾನ್ಯ ಕೋಣೆಯೂ ಎರಡು ಮೂರು ಪಟ್ಟು ಬೆಲೆ ಬಾಳಬಹುದು. ಅಂಥ ದಿನಗಳಲ್ಲಿ ಶಿಂಕಾನ್‌ಸೆನ್‌ನಲ್ಲಿ ಸುಮಾರು ಕಾಲು ಗಂಟೆ ದೂರದ ಕೊಕುರಾದಲ್ಲಿ ಉಳಿದು ಓಡಾಡುವುದು ಜಾಣತನ. ಕೋಣೆಯ ದರದ ಮೇಲೆ ಒಬ್ಬರಿಗೆ ಒಂದು ರಾತ್ರಿಗೆ 200 ಯೆನ್ ವಸತಿ ತೆರಿಗೆಯಿದೆ; ಒಬ್ಬರ ದರ 20,000 ಯೆನ್ ಅಥವಾ ಅದಕ್ಕಿಂತ ಹೆಚ್ಚಾದರೆ ಅದು 500 ಯೆನ್.

ಬೆಳಗಿನ ತಿಂಡಿ ಉಚಿತ ಎಂಬುದಕ್ಕೆ ಮಾಂಸಾಹಾರಿಗಳು ಮಹತ್ವ ಕೊಡಬಹುದು. ಶಾಕಾಹಾರಿಗಳಿಗೆ ಅದರಿಂದ ಹೆಚ್ಚಿನ ಲಾಭವಿಲ್ಲ; ಹುದುಗಿಸಿದ ಸೋಯಾದಿಂದ ಮಾಡುವ ಮಿಸೋ ಸಾರಿಗೂ ಬೇಯಿಸಿದ ತರಕಾರಿಗಳಿಗೂ ಸಾಮಾನ್ಯವಾಗಿ ಒಣಮೀನಿನ ರಸ ಸೇರಿರುತ್ತದೆ, ಫುಕುವೊಕಾದಲ್ಲಂತೂ ಅನ್ನದ ಪಕ್ಕದಲ್ಲೇ ಖಾರ ಹಚ್ಚಿದ ಮೀನಿನ ಮೊಟ್ಟೆ ಇರುತ್ತದೆ. ಹಾಗಾಗಿ ತಿಂಡಿಯಿಲ್ಲದ ದರದಲ್ಲಿ ಕಾಯ್ದಿರಿಸಿ, ಕೋಣೆಯಲ್ಲಿ ಕೆಟಲ್ ಮತ್ತು ಫ್ರಿಜ್, ಮಹಡಿಯಲ್ಲಿ ಮೈಕ್ರೋವೇವ್ ಇರುವ ಹೋಟೆಲು ನೋಡಿಕೊಂಡರೆ ಬೇಕಾದದ್ದನ್ನು ತಂದು ಬಿಸಿ ಮಾಡಿಕೊಳ್ಳಬಹುದು. ನಿಮ್ಮದೇ ಕೆಟಲ್ ಒಯ್ಯುವುದು ವ್ಯರ್ಥ, ಏಕೆಂದರೆ ಅಲ್ಲಿನ ವಿದ್ಯುತ್ ನಮ್ಮಲ್ಲಿಗಿಂತ ತೀರ ಕಡಿಮೆ, 100 ವೋಲ್ಟ್. ಫೋನಿನ ಚಾರ್ಜರಿಗೆ ಮಾತ್ರ ಚಪ್ಪಟೆ ಎರಡು ಕಡ್ಡಿಯ ಅಡಾಪ್ಟರ್ ಒಯ್ಯಿರಿ.

ಕೋಣೆ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ 3 ಗಂಟೆಯ ನಂತರ, ತೆರವು ಮಾಡಬೇಕಾದದ್ದು ಬೆಳಿಗ್ಗೆ 10 ಅಥವಾ 11ಕ್ಕೆ. ಬೇಗ ಬಂದರೂ ಪೆಟ್ಟಿಗೆಗಳನ್ನು ಸ್ವಾಗತದ ಕೌಂಟರಿನಲ್ಲಿ ಇರಿಸಿಕೊಳ್ಳುತ್ತಾರೆ. ಜಪಾನಿನಲ್ಲಿ ವಿಳಾಸವಿಲ್ಲದ ವಿದೇಶಿಯರ ಪಾಸ್‌ಪೋರ್ಟಿನ ಪ್ರತಿ ತೆಗೆದುಕೊಳ್ಳುವುದು ಅವರ ನಿಯಮ, ಅದನ್ನು ಕೈಗೆ ಸಿಗುವಂತೆ ಇಟ್ಟುಕೊಂಡಿರಿ.