ಶಿವರಾತ್ರಿಗೆ ಮುಂಚೆ ಡ್ರ್ಯಾಗನ್ ಕಟಿಂಗ್

ಫೆಬ್ರುವರಿ 10, 2025, ಸೋಮವಾರ
ಕುಷ್ಟಗಿ

ಶಿವರಾತ್ರಿಗೆ ಇನ್ನೂ ಎರಡು ವಾರ ಇದೆ. ಬೆಳಗಿನ ಚಳಿ ಆಗಲೇ ಸಡಿಲಾಗಿದೆ, ಮಧ್ಯಾಹ್ನದ ಬಿಸಿಲಿಗೆ ಉರಿ ಹತ್ತಿಲ್ಲ. ಕೊಪ್ಪಳ, ರಾಯಚೂರು ಕಡೆ ಡ್ರ್ಯಾಗನ್ ಹಣ್ಣಿನ ಕಟಿಂಗ್, ಅಂದರೆ ಬೇರು ಬರಿಸಲು ಕೊಯ್ದ ಕಾಂಡದ ತುಂಡು, ಹಚ್ಚಲು ಇದಕ್ಕಿಂತ ಒಳ್ಳೆ ಹೊತ್ತಿಲ್ಲ. ಈಗ ಮಣ್ಣಿನ ಚೀಲಕ್ಕೆ ಇಟ್ಟದ್ದು ಮೃಗಶಿರಾ, ಆರಿದ್ರಾ ಮಳೆ ಬೀಳುವ ಹೊತ್ತಿಗೆ ನಾಲ್ಕು ತಿಂಗಳ ಸಸಿಯಾಗಿರುತ್ತದೆ, ನೇರ ಹೊಲಕ್ಕೆ ಒಯ್ಯಬಹುದು. ನಾಟಿಯ ತಿಂಗಳನ್ನು ಮೊದಲು ಗೊತ್ತು ಮಾಡಿಕೊಂಡು ಹಿಂದಕ್ಕೆ ಎಣಿಸಬೇಕು. ಕಟಿಂಗ್ ಸಿಕ್ಕ ದಿನದಿಂದ ಮುಂದಕ್ಕೆ ಎಣಿಸುವುದರಿಂದಲೇ ಬಹಳಷ್ಟು ಸಸಿ ಹಾಳಾಗುತ್ತವೆ.

ಹಣ್ಣು ಮುಗಿದ ಮೇಲೆ ನವೆಂಬರ್, ಡಿಸೆಂಬರಿನಲ್ಲಿ ಗಿಡ ಸವರುವಾಗ ತುಂಡುಗಳು ರಾಶಿ ಬೀಳುತ್ತವೆ. ಪುಕ್ಕಟೆ ಸಿಕ್ಕವೆಂದು ಆಗಲೇ ಚೀಲ ತುಂಬುವವರು ಹೆಚ್ಚು. ಆ ತುಂಡುಗಳಲ್ಲಿ ದೋಷವೇನೂ ಇಲ್ಲ. ಆದರೆ ರಾತ್ರಿ 15–16 ಡಿಗ್ರಿಗೆ ಇಳಿದರೆ ಬೇರು ಹೊರಡಲು ಮೀನಮೇಷ ಎಣಿಸುತ್ತದೆ, ಚೀಲದ ಮಣ್ಣೂ ಬೇಗ ಆರುವುದಿಲ್ಲ. ಚಿಗುರು ಕಾಣಲಿಲ್ಲವೆಂದು ಮತ್ತೆ ಮತ್ತೆ ನೀರು ಹನಿಸುತ್ತಾರೆ. ಬುಡ ಕೊಳೆಯುವುದು ಆ ನೀರಿನಿಂದ. ಚಳಿಯಲ್ಲೇ ಹಚ್ಚಬೇಕಾದರೆ ಹತ್ತು–ಹನ್ನೆರಡು ದಿನಕ್ಕೊಮ್ಮೆ ನೀರು ಸಾಕು. ಶೇಡ್ ನೆಟ್ ಸರಿಸಿ ಬೆಳಗಿನ ಬಿಸಿಲು ಬೀಳುವಂತೆ ಮಾಡಿ, ಒಂದೂವರೆ ತಿಂಗಳು ತಾಳ್ಮೆಯಿಂದ ಕಾಯಬೇಕು.

ಇವತ್ತು ಕೊಯ್ದಿರುವುದು ಒಂದು ವರ್ಷ ತುಂಬಿದ ಕಾಂಡಗಳು: ಕಡು ಹಸಿರು, ಅಂಚು ಗಡುಸು. ಅಡ್ಡ ಕೊಯ್ದಾಗ ನಡುವಿನ ಬಿಳಿ ಒಳಗಡ್ಡಿ ಉಗುರಿಗೆ ಗಟ್ಟಿ ತಾಗಬೇಕು. ತಿಳಿಹಸಿರಿನ ಎಳೆ ಕಾಂಡದಲ್ಲಿ ಬರೀ ನೀರು, ಬೇರು ಬರುವ ಮೊದಲೇ ಅದು ಕೊಳೆಯುತ್ತದೆ. ತುಂಡಿನ ಉದ್ದ 25–30 ಸೆಂ.ಮೀ. ಇರಲಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು. ಮೇಲ್ತುದಿ ನೇರ, ಬುಡ ಓರೆ ಎಂದು ಕೊಯ್ದುಬಿಟ್ಟರೆ ಆಮೇಲೆ ಯಾವುದೂ ತಲೆಕೆಳಗಾಗುವುದಿಲ್ಲ.

ಮುಖ್ಯ ಕೆಲಸ ಬುಡದ್ದು. ಮೂರೂ ಅಂಚಿನ ಹಸಿರು ಮಾಂಸವನ್ನು ಎರಡು ಸೆಂ.ಮೀ.ನಷ್ಟು, ಪೆನ್ಸಿಲ್ ಚೂಪು ಮಾಡಿದಂತೆ ಕೆತ್ತಿ ಒಳಗಡ್ಡಿಯನ್ನು ಹೊರಗೆ ಕಾಣಿಸಬೇಕು. ಬೇರು ಹೊರಡುವುದು ಅದರ ಸುತ್ತಲಿಂದ. ಆಮೇಲೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ಶಿಲೀಂಧ್ರನಾಶಕ ಪುಡಿ) ಕದಡಿ ಬುಡ ಅದ್ದಿ ತೆಗೆದು, ನೆರಳಲ್ಲಿ ಗಾಳಿಯಾಡುವಂತೆ ನಿಲ್ಲಿಸುವುದು. ಒಂದರ ಮೇಲೊಂದು ಪೇರಿಸಿದರೆ ಒಳಗಿನವು ಬೆವರುತ್ತವೆ. ಈಗಿನ ಒಣ ಹವೆಗೆ ಐದಾರು ದಿನ ಸಾಕು. ಮಳೆಗಾಲದಲ್ಲಿ ಎಂಟು–ಹತ್ತು ದಿನವಾದರೂ ಬೇಕು. ದಿನ ಎಣಿಸುವುದಕ್ಕಿಂತ ಗಾಯ ಮುಟ್ಟಿ ನೋಡುವುದು ವಾಸಿ: ಹಕ್ಕಳೆಗಟ್ಟಿ ಬಿಳಿಚಿಕೊಂಡಿರಬೇಕು, ಹೆಬ್ಬೆರಳಿಗೆ ತೇವ, ಅಂಟು ಏನೂ ಹತ್ತಬಾರದು.

ಚೀಲಕ್ಕೆ ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ಎರೆ (ಕಪ್ಪು) ಮಣ್ಣು ಬೇಡವೇ ಬೇಡ. ನೀರು ಹಿಡಿದು ಕೂತರೆ ಬಿಡುವುದಿಲ್ಲ. ಐದು ಸೆಂ.ಮೀ.ಗಿಂತ ಆಳಕ್ಕೆ ಊರಬಾರದು. ಅಲುಗಾಡದಂತೆ ಪಕ್ಕಕ್ಕೊಂದು ಕೋಲು ಕೊಟ್ಟು ಸಡಿಲವಾಗಿ ಕಟ್ಟಬೇಕು. ಸವಳು ಬೋರ್ ನೀರಾದರೆ ಮಣ್ಣಿನ ಮೇಲೆ ಬೆಳ್ಳನೆ ಪೊರೆ ಕಟ್ಟಿ ಎಳೆ ಬೇರಿನ ತುದಿ ಸುಡುತ್ತದೆ. ಹೊಂಡದಲ್ಲಿ ಹಿಡಿದಿಟ್ಟ ಮಳೆ ನೀರಿದ್ದರೆ ಅದನ್ನೇ ಮೊದಲ ತಿಂಗಳಿಗೆ ಮೀಸಲಿಡುವುದು ಒಳ್ಳೆಯದು. ಈ ಹವೆಗೆ ಐದಾರು ದಿನಕ್ಕೊಮ್ಮೆ ನೀರು, ಸುಮಾರು ಮೂರು ವಾರಕ್ಕೆ ಬೇರು. ಚಿಗುರು ಬಂತೆಂದು ನಂಬಬೇಡಿ. ತುಂಡಿನೊಳಗಿನ ನೀರಿನ ಬಲದಿಂದಲೇ ಚಿಗುರು ಒಡೆಯಬಲ್ಲದು. ಮೆಲ್ಲಗೆ ಮೇಲಕ್ಕೆ ಎಳೆದಾಗ ಕೈಗೆ ಬಿಗಿ ತಾಗಿದರೆ ಬೇರು ಹಿಡಿದಿದೆ. ಆಮೇಲೆ ಮೇಲ್ತುದಿಯ ಒಂದೇ ಗಟ್ಟಿ ಚಿಗುರು ಉಳಿಸಿ ಮಿಕ್ಕವನ್ನು ಚಿವುಟಿ ಹಾಕಬೇಕು.

ಮಾರ್ಚ್ ಎರಡನೇ ವಾರ ದಾಟಿದ ಮೇಲೆ ಹೊಸ ಕಟಿಂಗ್ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಇದು ಮೂಲತಃ ಮಧ್ಯ ಅಮೆರಿಕದ ಕಾಡಿನಲ್ಲಿ ಮರ ಹತ್ತಿ ಅರೆನೆರಳಿನಲ್ಲಿ ಬೆಳೆದ ಕಳ್ಳಿ. ಹಗಲು ಕಾಂಡದ ಸಣ್ಣ ರಂಧ್ರಗಳ ಬಾಯಿ ಮುಚ್ಚಿಕೊಂಡು ರಾತ್ರಿ ಗಾಳಿ ಎಳೆದುಕೊಳ್ಳುವ ಜಾತಿ. ರಾತ್ರಿಯೂ ಧಗೆ ಇಳಿಯದಿದ್ದರೆ ಆ ಕೆಲಸವೇ ಕುಂಟುತ್ತದೆ. ಬಿಸಿಲು ಬಡಿದ ಮಗ್ಗುಲು ಮೊದಲು ಹಳದಿ, ಆಮೇಲೆ ಬೆಳ್ಳಗಾಗಿ ಒಣಗುತ್ತದೆ. ಈಗ ಹಚ್ಚಿದ ಸಸಿಗಳಿಗೂ ಆಗ ಶೇ. 50ರಷ್ಟು ನೆರಳು ಕೊಡುವ ನೆಟ್ ಬೇಕೇ ಬೇಕು. ಸಂಜೆ ಹೊತ್ತು, ಮೂರು ದಿನಕ್ಕೊಮ್ಮೆ ನೀರು.

ಮುಂಗಾರು ಹಿಡಿದ ಮೇಲೆ ಇನ್ನೊಂದು ತೊಡಕು. ಜೂನ್‌ನಿಂದ ತಾಯಿ ಗಿಡ ಹೂ ಬಿಡುವ ಕಾಲ. ಆಗ ಕೊಯ್ದ ಕಾಂಡ ಅಂದರೆ ಕಳಕೊಂಡ ಹಣ್ಣೇ. ತುಂಡಿನ ಮೇಲೂ ಚಿಗುರಿನ ಬದಲು ಮೊಗ್ಗು ಬರುವುದುಂಟು, ಕಂಡ ಕೂಡಲೇ ಕಿತ್ತುಹಾಕಬೇಕು. ಮಳೆಯಲ್ಲಿ ಗಾಯ ಆರದೆ ತಾಯಿ ಗಿಡಕ್ಕೂ ಕಾಂಡದ ಕಜ್ಜಿ ರೋಗ ಅಂಟುವ ಭಯವಿದೆ. ಹುಬ್ಬಿ, ಉತ್ತರಿ ಮಳೆ ನಮ್ಮಲ್ಲಿ ಜೋರು. ಆ ದಿನಗಳಲ್ಲಿ ಚೀಲಗಳ ಮೇಲೆ ಪ್ಲಾಸ್ಟಿಕ್ ಹಾಳೆ ಇರಬೇಕು. ಮಿಶ್ರಣದಲ್ಲಿ ಉಸುಕನ್ನು ಮಣ್ಣಿನಷ್ಟೇ ಹಾಕಿ ಗೊಬ್ಬರ ಅರ್ಧಕ್ಕಿಳಿಸಬೇಕು.

ಯಾವ ಕಾಲದಲ್ಲೇ ಆಗಲಿ, ಬುಡ ಮೆತ್ತಗಾದ ತುಂಡು ಕಂಡರೆ ತಕ್ಷಣ ಕಿತ್ತು ನೋಡಿ. ಮಾಂಸ ಕಂದಾಗಿ, ಹುಳಿ ವಾಸನೆ ಹೊಡೆದು, ಹಿಡಿದರೆ ಜಾರಿ ಒಳಗಡ್ಡಿ ಒಂದೇ ಉಳಿಯುತ್ತದೆ. ಕೊಳೆತ ಜಾಗದಿಂದ ಎರಡು ಇಂಚು ಮೇಲಕ್ಕೆ ಕೊಯ್ಯಿರಿ. ಕೊಯ್ದ ಮೈಯಲ್ಲಿ ಒಳಗಡ್ಡಿ ಅಚ್ಚ ಬಿಳಿ ಇದ್ದರೆ ಮತ್ತೆ ಒಣಗಿಸಿ ಹೊಸ ಮಣ್ಣಿಗೆ ಹಚ್ಚಬಹುದು. ಕಂದು ಚುಕ್ಕೆ ಒಂದೇ ಒಂದು ಕಂಡರೂ ತುಂಡನ್ನು ಸುಟ್ಟುಬಿಡಿ, ಆ ಚೀಲದ ಮಣ್ಣನ್ನು ಬೇರೆ ಚೀಲಕ್ಕೆ ಬೆರೆಸಬೇಡಿ.